ಉಳ್ಳಾಗಡ್ಡಿ ಬಿಟ್ಟ ದಿನಗಳು

ಮೊದಲ ಸಲ ಉಸಿರು ಕೈಕೊಟ್ಟಿದ್ದು ತರಗತಿಯಲ್ಲಿ.

ಏಳನೆಯ ತರಗತಿಗೆ ಕನ್ನಡ ಪಾಠ ಓದುತ್ತಿದ್ದೆ. ಒಂದೇ ವಾಕ್ಯ, ಅಷ್ಟೇನೂ ಉದ್ದವಲ್ಲ. ನಡುವೆ ನಿಂತೆ. ಮತ್ತೆ ಹಿಡಿದೆ. ಮತ್ತೆ ನಿಂತೆ. ಮಕ್ಕಳು ಪುಸ್ತಕದಿಂದ ತಲೆಯೆತ್ತಿ ನನ್ನ ಮುಖ ನೋಡಿದರು. ಮಾತಿನ ಮಲ್ಲಿ ಎಂದು ಹೆಸರಾದ ಈ ಶಾರದಾ ಟೀಚರ್ ಪೂರ್ಣವಿರಾಮ ಮುಟ್ಟಲಾಗದೆ ಮೇಜು ಹಿಡಿದು ನಿಂತಿದ್ದಳು. ಎದೆಯೊಳಗೆ ಬೆಕ್ಕಿನ ಮರಿ ಮಲಗಿ ಗುರುಗುಟ್ಟಿದ ಹಾಗೆ ಸದ್ದು.

ಸುಗ್ಗಿಯ ಕಾಲ ಅದು. ಆಗ ಸಿರುಗುಪ್ಪದ ಗಾಳಿಗೂ ಭತ್ತದ ದೂಳಿನ ರುಚಿ. ಗದ್ದೆಗಳಲ್ಲಿ ಹುಲ್ಲು ಸುಟ್ಟ ಹೊಗೆ ಬೇರೆ. ನಮ್ಮ ಮನೆಯವರು ಅಕ್ಕಿ ಗಿರಣಿಯಲ್ಲಿ ಮಷಿನ್ ನೋಡಿಕೊಳ್ಳುತ್ತಾರೆ. ಸಂಜೆ ಅವರ ಅಂಗಿ ಒದರಿದರೆ ತೌಡು ಉದುರುತ್ತದೆ. ದೂಳಿಗೆ ಬಂದ ಕೆಮ್ಮು, ದೂಳಿನ ಜೊತೆಯೇ ಹೋಗುತ್ತದೆ ಎಂದುಕೊಂಡೆವು. ಶುಂಠಿ ಕಷಾಯ ಕುಡಿದೆ. ಸುಗ್ಗಿ ಮುಗಿಯಿತು, ಕೆಮ್ಮು ಮುಗಿಯಲಿಲ್ಲ. ಒಂದು ಕೊಡ ನೀರು ಎತ್ತಿದರೆ ಅಲ್ಲೇ ಕೂರುವಂತಾಯಿತು. ಬಳ್ಳಾರಿಯ ಆಸ್ಪತ್ರೆಗೆ ಹೋದೆವು. ಬಾಯಿಗೆ ಕೊಳವೆ ಇಟ್ಟು ಮಷಿನ್ನಿಗೆ ಜೋರಾಗಿ ಊದಿಸಿದರು.

"ಅಸ್ತಮಾ" ಎಂದರು ಡಾಕ್ಟರ್.

ಎರಡು ಇನ್ಹೇಲರ್ ಬರೆದುಕೊಟ್ಟರು. ಒಂದು, ಚೆನ್ನಾಗಿದ್ದರೂ ದಿನಾ ಬೆಳಿಗ್ಗೆ ಸಂಜೆ ಎಳೆದುಕೊಳ್ಳುವಂಥದ್ದು. ಇನ್ನೊಂದು ನೀಲಿಯದು, ಉಬ್ಬಸ ಬಂದಾಗ. ನಮ್ಮ ಕಡೆ ಎರಡಕ್ಕೂ ಒಂದೇ ಹೆಸರು: ಪಂಪು. ಪಂಪಿನಿಂದ ನನಗೆ ಉಸಿರು ಬಂತು, ಸುಳ್ಳು ಹೇಳಬಾರದು. ಆದರೆ ನಾಚಿಕೆಯೂ ಬಂತು. ಸ್ಟಾಫ್ ರೂಮಿನಲ್ಲಿ ಗೋಡೆಗೆ ಮುಖ ಮಾಡಿ ಎಳೆದುಕೊಳ್ಳುತ್ತಿದ್ದೆ. "ಪಂಪು ಹಿಡದ್ರ ಸಾಯೋತನಕ ಬಿಡಂಗಿಲ್ಲಂತ" ಎಂದು ಒಬ್ಬರಲ್ಲ ಒಬ್ಬರು ಹೇಳುವವರೇ.

ಕುರುಗೋಡಿನಿಂದ ಗೌರಕ್ಕ ಬಂದಳು. ನನ್ನ ಒಡಹುಟ್ಟಿದ ಅಕ್ಕ. ಅವಳ ಮೊಣಕಾಲು ನೋವಿಗೆ ಬಳ್ಳಾರಿಯ ಹೋಮಿಯೋಪಥಿ ಡಾಕ್ಟರೊಬ್ಬರು ಕೊಟ್ಟ ಗುಳಿಗೆ ಹಿಡಿಸಿತ್ತಂತೆ.

"ಲೇ ಶಾರದಾ, ಸಕ್ಕರಿ ಗುಳಿಗಿ ಅವು. ನಾಲಿಗಿ ಮ್ಯಾಲ ಇಟ್ಕಂಡ್ರ ಆತು. ಸೂಜಿಲ್ಲ, ಪಂಪಿಲ್ಲ. ಬಾ ನೀ."

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಹೊರಟೇಬಿಟ್ಟೆ. ನಮ್ಮ ಮನೆಯವರೂ ರಜೆ ಹಾಕಿ ಬಂದರು.

ಕೋಟೆ ಗುಡ್ಡ ಕಾಣುವ ಓಣಿಯಲ್ಲಿ ಸಣ್ಣ ಕ್ಲಿನಿಕ್. ಡಾಕ್ಟರ್ ನನ್ನದೇ ವಯಸ್ಸಿನ ಹೆಂಗಸು. ಸ್ಟೆತಸ್ಕೋಪು ಇಟ್ಟು ನೋಡಿದರು, ಹಳೆಯ ರಿಪೋರ್ಟು ಓದಿದರು. ಆಮೇಲೆ ಕುರ್ಚಿಗೆ ಒರಗಿ ಕೂತು ಕೇಳತೊಡಗಿದರು.

"ನಿದ್ದಿ ಹೆಂಗ ಬರ್ತೈತ್ರಿ?"

"ಚೊಲೋ ಬರ್ತೈತ್ರಿ ಮೇಡಂ" ಎಂದರು ನಮ್ಮ ಮನೆಯವರು.

"ನೀರಡಿಕಿ?"

"ಏನಿಲ್ರಿ, ಕಮ್ಮೀನ."

ಡಾಕ್ಟರ್ ಪೆನ್ನು ಕೆಳಗಿಟ್ಟರು. "ನೀರಡಿಕಿ ಯಾರಿಗ್ರಿ, ನಿಮಗಾ ಅವರಿಗಾ?"

ನಮ್ಮಲ್ಲಿ ಅದೊಂದು ರೂಢಿ. ಹೆಂಡತಿಗೆ ಜ್ವರ ಬಂದರೆ ಡಾಕ್ಟರ ಮುಂದೆ ಗಂಡ ಮಾತಾಡಬೇಕು. ಗಂಡ ಇಲ್ಲದಿದ್ದರೆ ಅತ್ತೆ, ಅತ್ತೆ ಇಲ್ಲದಿದ್ದರೆ ಅಕ್ಕ. ಇಡೀ ಶಾಲೆಗೆ ಕೇಳುವಂತೆ ಮಾತಾಡುವ ನಾನೂ ಆಸ್ಪತ್ರೆಯಲ್ಲಿ ಸೆರಗು ಹಿಡಿದು ಸುಮ್ಮನೆ ಕೂರುವವಳೇ. ಅವತ್ತು ಇವರು ಬಾಯಿ ಮುಚ್ಚಿದರು, ನಾನು ಬಾಯಿ ತೆರೆದೆ. ಅಯ್ಯೋ, ಏನೇನು ಕೇಳಿದರು! ಯಾವ ಮಗ್ಗುಲಿಗೆ ಮಲಗುತ್ತೀರಿ, ಸೆಕೆ ತಡೆಯುತ್ತೀರೋ ಚಳಿಯೋ, ಸಿಟ್ಟು ಬಂದರೆ ಅಳುತ್ತೀರೋ ಕೂಗುತ್ತೀರೋ, ಏನು ತಿನ್ನಬೇಕು ಅನ್ನಿಸುತ್ತದೆ.

"ಬೆಲ್ಲ" ಎಂದೆ. "ಸಣ್ಣಾಕಿ ಇದ್ದಾಗ ಬೆಲ್ಲ ಕದ್ದು ಜ್ವಾಳದಾಗ ಹುಗದಿಡ್ತಿದ್ನಿರಿ. ಅವ್ವ ಮನಿಯೆಲ್ಲ ಹುಡುಕಿದ್ರೂ ಸಿಗ್ತಿರ್ಲಿಲ್ಲ. ಈಗ್ಲೂ ಅದ ಚಾಳಿ. ಮುಚ್ಚಿಡೋದು ಏನರ ಇದ್ರ ಜ್ವಾಳದ ಡಬ್ಬಿನ."

ಗೌರಕ್ಕ ಪಕಪಕ ನಕ್ಕಳು. ಡಾಕ್ಟರೂ ನಕ್ಕರು. ಆಮೇಲೆ, "ಅಂಜಿಕಿ ಯಾವುದರದ್ರಿ?" ಎಂದರು.

ಇದನ್ನು ನನ್ನನ್ನು ಯಾರೂ ಕೇಳಿರಲಿಲ್ಲ. "ಮಾತಾಡ್ತಾ ಮಾತಾಡ್ತಾ ಮಾತು ನಿಂತಬಿಟ್ರ ಅಂತ" ಎಂದೆ. ನಮ್ಮ ಮನೆಯವರು ನನ್ನನ್ನು ನೋಡಿದರು, ನಂತರ ತಮ್ಮ ಚಪ್ಪಲಿ ನೋಡಿದರು.

ಟೀಚರಲ್ಲವೇ, ನಾನೂ ಸುಮ್ಮನಿರಲಿಲ್ಲ. ಇಷ್ಟೆಲ್ಲ ಯಾಕೆ ಬೇಕು, ಇದು ಎಂಥ ವೈದ್ಯ ಎಂದು ಕೇಳಿದೆ. ಅವರು ಸಿಟ್ಟಾಗದೆ ಹೇಳಿದರು. ಇನ್ನೂರು ವರ್ಷಕ್ಕೂ ಹಿಂದೆ ಜರ್ಮನಿಯ ವೈದ್ಯರೊಬ್ಬರು ಕಟ್ಟಿದ ಪದ್ಧತಿ ಇದು. ಗಟ್ಟಿ ಇದ್ದ ಮನುಷ್ಯನಲ್ಲಿ ಯಾವ ವಸ್ತು ಯಾವ ತೊಂದರೆ ಹುಟ್ಟಿಸುತ್ತದೋ, ಅಂಥದೇ ತೊಂದರೆ ಇದ್ದ ರೋಗಿಗೆ ಅದೇ ವಸ್ತು ಅತಿ ಸಣ್ಣ ಪ್ರಮಾಣದಲ್ಲಿ ಔಷಧ ಎಂಬುದು ಅದರ ಮೂಲ ನಂಬಿಕೆ.

"ಉಳ್ಳಾಗಡ್ಡಿ ಹೆಚ್ಚಿದ್ರ ಕಣ್ಣಾಗ ಮೂಗಿನಾಗ ನೀರು ಸುರೀತೈತಲ್ರಿ? ಹಂಗ ನೀರು ಸುರಿಯೋ ನೆಗಡಿಗಿ ನಾವು ಉಳ್ಳಾಗಡ್ಡಿಯಿಂದ ಮಾಡಿದ್ದ ಔಷಧ ಕೊಡ್ತೀವಿ."

"ಮುಳ್ಳಿಂದ ಮುಳ್ಳು ತಗದಂಗ" ಎಂದಳು ಗೌರಕ್ಕ.

"ಹಂಗ ಅನ್ರಿ. ಒಬ್ಬೊಬ್ಬರ ನೆಗಡಿ ಒಂದೊಂದು ನಮೂನಿ. ಅದಕ್ಕ ರೋಗ ಅಷ್ಟ ಅಲ್ಲ, ಮನುಷ್ಯಾರನ್ನ ನೋಡಿ ಒಂದ ಔಷಧ ಆರಿಸ್ತೀವಿ."

ಸಣ್ಣ ಪ್ರಮಾಣ ಎಂದರೆ ಎಷ್ಟು ಎಂದು ಇವರು ಕೇಳಿದರು. ಒಂದು ಹನಿ ಮೂಲ ಔಷಧಕ್ಕೆ ತೊಂಬತ್ತೊಂಬತ್ತು ಹನಿ ಸ್ಪಿರಿಟ್ಟು, ಚೆನ್ನಾಗಿ ಕುಲುಕುವುದು. ಅದರದ್ದೊಂದು ಹನಿಗೆ ಮತ್ತೆ ತೊಂಬತ್ತೊಂಬತ್ತು. ಹೀಗೇ ಮತ್ತೆ ಮತ್ತೆ.

ಇವರ ಹುಬ್ಬು ಮೇಲೆ ಹೋದವು. "ಅಂದ್ರ ಮೇಡಂ, ಡ್ಯಾಮಿನಾಗ ಒಂದ್ ಹನಿ ಹಾಕಿ ಸಿರುಗುಪ್ಪದ ಕಾಲುವ್ಯಾಗ ಕುಡದಂಗಾತು!"

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಡಾಕ್ಟರ್ ಮಾತ್ರ ಜೋರಾಗಿ ನಕ್ಕರು. "ವಿಜ್ಞಾನ ಓದಿದೋರು ಬಾಳ ಮಂದಿ ಅದನ್ನ ಅಂತಾರ್ರಿ. ಅದರಾಗ ಏನೂ ಉಳಿಯಂಗಿಲ್ಲ ಅಂತ. ನಾವು ಕಲಿತಿದ್ದು ಬ್ಯಾರೆ. ನಾ ಮುಚ್ಚಿಡಂಗಿಲ್ಲ. ಅದಕ್ಕ ಹೇಳ್ತೀನಿ, ಪಂಪು ಬಿಡಬ್ಯಾಡ್ರಿ. ಅದನ್ನ ಕಮ್ಮಿ ಮಾಡೋದು ನಿಮ್ಮ ಎದಿ ಡಾಕ್ಟರ ಕೆಲಸ, ನಂದಲ್ಲ." ಕಾಫಿ, ಕರ್ಪೂರ ಔಷಧದ ಹತ್ತಿರ ಬೇಡ, ಗುಳಿಗೆ ಕೈಯಲ್ಲಿ ಮುಟ್ಟಬೇಡಿ ಎಂದೂ ಹೇಳಿದರು. ನಾನು ತಲೆಯಾಡಿಸಿದೆ.

ತಲೆಯಾಡಿಸಿದ್ದಷ್ಟೇ. ಬಸ್ಸಿನಲ್ಲಿ ಗೌರಕ್ಕನ ಪಾಠ ಶುರುವಾಯಿತು.

ಔಷಧ ಎಂದರೆ ಪಥ್ಯ, ಪಥ್ಯ ಎಂದರೆ ವ್ರತ; ನಮ್ಮವ್ವ ನಮ್ಮನ್ನು ಬೆಳೆಸಿದ್ದು ಹಾಗೆ. ಬಾಣಂತನದಲ್ಲಿ ತಂಗಳು ಮುಟ್ಟಿದರೆ ಅವ್ವನ ಕಣ್ಣಲ್ಲಿ ಅದು ಮಹಾಪಾಪ. ಪಥ್ಯ ಕೆಟ್ಟರೆ ಔಷಧ ಮುನಿಯುತ್ತದೆ. ಹಾಗಾಗಿ ಕರ್ಪೂರ, ಕಾಫಿ ಬೇಡ ಎಂದರೆ ಗೌರಕ್ಕನ ಲೆಕ್ಕದಲ್ಲಿ ಘಾಟು ಇರುವುದೆಲ್ಲ ಬೇಡ. ಉಳ್ಳಾಗಡ್ಡಿ ಬೇಡ, ಬೆಳ್ಳುಳ್ಳಿ ಬೇಡ, ಇಂಗು ಬೇಡ. ಮತ್ತೆ ಎಲ್ಲಕ್ಕಿಂತ ಘಾಟಿನದು ಯಾವುದು? ಇಂಗ್ಲಿಷ್ ಔಷಧ!

"ಪಂಪು ಹೊಡ್ಕಂಡು ಇದನ್ನ ತಗಂಡ್ರ ಎರಡೂ ಬಡದಾಡ್ತಾವ. ಮೇಡಂ ಹೆದರಿ ಹಂಗಂತಾರ. ಮೊದ್ಲು ಜಾಸ್ತಿ ಆಗ್ತೈತಿ, ಉಲ್ಬಣ ಅಂತಾರ ಅದಕ್ಕ. ಆಮ್ಯಾಲ ಬುಡಸಮೇತ ಹೋಗ್ತೈತಿ. ಅಂಜಬ್ಯಾಡ."

ಇಂಗ್ಲಿಷ್ ಪೇಪರು ಓದುವ ನಾನು ಇದನ್ನು ನಂಬಿದೆ. ನಂಬಲು ಕಾಯುತ್ತಿದ್ದೆ ಎನ್ನುವುದೇ ನಿಜ. ಇವರು ಮಾತ್ರ ಗೊಣಗಿದರು. "ಉಳ್ಳಾಗಡ್ಡಿನ ಔಷಧ ಅಂದ್ರು, ಈಗ ಉಳ್ಳಾಗಡ್ಡಿ ತಿನ್ನಬ್ಯಾಡ ಅಂತೀರಿ. ಏನ್ ವೈದ್ಯ ಇದು!" ಆದರೆ ಮರುದಿನ ಊಟಕ್ಕೆ ಕೂತಾಗ ತಟ್ಟೆಯಲ್ಲಿದ್ದ ಉಳ್ಳಾಗಡ್ಡಿಯನ್ನು ಎತ್ತಿ ಬುಟ್ಟಿಗೆ ಹಾಕಿದರು. "ನೀ ಬಿಟ್ಟು ನಾ ತಿಂದ್ರ ಹೆಂಗ?" ಅಂದರು.

ರೊಟ್ಟಿಗೆ ಪಲ್ಯ ಇಲ್ಲದಿದ್ದರೂ ನಡೆದೀತು, ಉಳ್ಳಾಗಡ್ಡಿ ಬೇಕೇಬೇಕು ಎನ್ನುವ ಮನುಷ್ಯ. ತಟ್ಟೆಯ ಪಕ್ಕ ಇಟ್ಟು, ಮುಷ್ಟಿಯಿಂದ ಒಂದು ಗುದ್ದು ಕೊಟ್ಟು, ಒಡೆದು ತಿನ್ನಬೇಕು. ಮದುವೆಯಾದಂದಿನಿಂದ ಆ ಗುದ್ದಿನ ಸದ್ದು ಇಲ್ಲದೆ ನಮ್ಮ ಮನೆಯಲ್ಲಿ ಊಟ ಶುರುವಾಗಿದ್ದಿಲ್ಲ. ಅದನ್ನು ನನಗಾಗಿ ಬಿಟ್ಟರು. ಎಂಥ ಪ್ರೀತಿ ಅನ್ನಿಸಿತು. ಆ ಪ್ರೀತಿಯ ಮುಂದೆ ನನ್ನ ಪಥ್ಯ ಸಡಿಲವಾಗಬಾರದೆಂದು ನಾನೂ ಹಟ ಹಿಡಿದೆ. ಎರಡೂ ಪಂಪು ಕಣ್ಣಿಗೆ ಬೀಳದಂತೆ ಎತ್ತಿಟ್ಟೆ.

ಮೊದಲು ಹಾಯೆನಿಸಿತು. ಬಿಡುಗಡೆ! ಆಮೇಲೆ ಬೆಕ್ಕಿನ ಮರಿ ಎದ್ದಿತು. ಗುರುಗುರು. "ಉಲ್ಬಣ" ಎಂದೆ ನಾನು. ಅಂಗಾತ ಮಲಗಲು ಆಗದೆ ದಿಂಬು ಏರಿಸಿಕೊಂಡೆ. "ಉಲ್ಬಣ ಇರಬೇಕು" ಎಂದರು ಇವರು. ಫೋನಿನಲ್ಲಿ ಗೌರಕ್ಕ, "ಹಿಡೀತು ನೋಡು ಔಷಧಿ!" ಎಂದು ಖುಷಿಪಟ್ಟಳು. ಉಸಿರು ಕಟ್ಟಿದಷ್ಟೂ ಗುಣವಾಗುತ್ತಿದೆ ಎಂದು ಮೂವರೂ ನಂಬಿದ್ದೆವು. ನೆನೆದರೆ ಈಗ ಮೈ ಜುಮ್ಮೆನ್ನುತ್ತದೆ.

ಒಂದು ಭಾನುವಾರ ಮಧ್ಯಾಹ್ನ ರೊಟ್ಟಿ ಬಡಿಯುತ್ತಿದ್ದೆ. ಹೊರಗೆ ಎಲ್ಲೋ ಹುಲ್ಲು ಸುಡುತ್ತಿದ್ದರು. ಹೊಗೆ ಕಿಟಕಿಯಿಂದ ಒಳಗೆ ಬಂತು.

ಉಸಿರು ಒಳಗೆ ಬರಲಿಲ್ಲ.

ಇವರು ಓಡಿ ಬಂದರು. ನಾನು ಒಲೆಯ ಕಟ್ಟೆ ಹಿಡಿದು ಬಗ್ಗಿ ನಿಂತಿದ್ದೆ. ಹೆಗಲು ಏರಿಳಿಯುತ್ತಿದ್ದವು. ಗಾಳಿ ಇತ್ತು, ಅದು ನನ್ನದಲ್ಲ. ಅವರು ನನ್ನ ತುಟಿ ನೋಡಿದರು. ಅದು ನೀಲಿಯಾಗಿತ್ತಂತೆ.

"ಉಲ್ಬಣ ಅಲ್ಲಲೇ ಇದು! ಪಂಪು ಎಲ್ಲೈತಿ? ಶಾರದಾ, ಪಂಪು ಎಲ್ಲಿಟ್ಟಿ?"

ಹೇಳಬೇಕು. ಒಂದೇ ಶಬ್ದ. ಬಾಯಿ ತೆರೆದೆ. ಬರಲಿಲ್ಲ. ಜೀವಮಾನವಿಡೀ ಮಾತಾಡಿದವಳಿಗೆ ಬೇಕಾದ ಹೊತ್ತಿಗೆ ಒಂದು ಶಬ್ದ ಸಿಗಲಿಲ್ಲ. ಅವರು ಕಪಾಟು ಕೆದರಿದರು, ವ್ಯಾನಿಟಿ ಬ್ಯಾಗು ಸುರುವಿದರು. ನನ್ನ ಕಣ್ಣು ಕತ್ತಲಿಡುತ್ತಿತ್ತು. ಕೈ ಎತ್ತಿ ತೋರಿಸೋಣವೆಂದರೆ ಕಟ್ಟೆ ಬಿಟ್ಟರೆ ಬೀಳುತ್ತೇನೆ.

ಅವರು ಒಮ್ಮೆಲೇ ನಿಂತರು. ನನ್ನನ್ನು ನೋಡಿದರು. "ಬೆಲ್ಲ" ಎಂದರು.

ಮೂಲೆಯಲ್ಲಿದ್ದ ಜೋಳದ ಡಬ್ಬಿಯನ್ನು ಎತ್ತಿ ಹಾಗೇ ನೆಲಕ್ಕೆ ಸುರಿದರು. ಅಡುಗೆಮನೆ ತುಂಬ ಜೋಳ. ಅದರ ನಡುವೆ ಪ್ಲಾಸ್ಟಿಕ್ ಚೀಲ, ಚೀಲದಲ್ಲಿ ಎರಡು ಪಂಪು. ನೀಲಿಯದನ್ನು ನನ್ನ ಬಾಯಿಗಿಟ್ಟು ಒತ್ತಿದರು. ಮತ್ತೆ ಒತ್ತಿದರು. ಪಕ್ಕದ ಮನೆಯವರ ಕಾರಿನಲ್ಲಿ ಸಿರುಗುಪ್ಪದ ಆಸ್ಪತ್ರೆ, ನೆಬ್ಯುಲೈಜರ್, ಅಲ್ಲಿಂದ ಆಕ್ಸಿಜನ್ ಹಾಕಿಕೊಂಡೇ ಆಂಬುಲೆನ್ಸಿನಲ್ಲಿ ಬಳ್ಳಾರಿ. ದಾರಿಯುದ್ದಕ್ಕೂ ಅವರ ಕೈ ನನ್ನ ಬೆನ್ನ ಮೇಲಿತ್ತು.

ವಾರ್ಡಿನಲ್ಲಿ ಎದೆ ಡಾಕ್ಟರ್ ಚೆನ್ನಾಗಿ ಬೈದರು. ದಿನದ ಇನ್ಹೇಲರ್ ಬಿಟ್ಟರೆ ಹೀಗೇ ಆಗುವುದು, ಇನ್ನು ಸ್ವಲ್ಪ ತಡವಾಗಿದ್ದರೆ ಐಸಿಯು ಎಂದರು. ಮರುದಿನ ಬೆಳಿಗ್ಗೆ ಅವರೇ ಬಂದು "ಹೇಗಿದೆ ಈಗ?" ಎಂದು ಕೇಳಿದಾಗ ಇವರು ರೂಢಿಯಂತೆ ಬಾಯಿ ತೆರೆದರು. ಹಾಗೇ ಮುಚ್ಚಿ ನನ್ನತ್ತ ನೋಡಿದರು.

"ಉಸಿರು ಬರ್ತೈತ್ರಿ" ಎಂದೆ ನಾನು.

ಗೌರಕ್ಕ ಹಾಸಿಗೆಯ ಪಕ್ಕ ಕೂತು ಗೊಳೋ ಎಂದು ಅತ್ತಳು. ಸಮಾಧಾನ ಮಾಡುವ ಕೆಲಸ ಮತ್ತೆ ನನಗೇ ಬಂತು. ಕೆಡುಕು ಬಗೆದವಳಲ್ಲ ಅವಳು. ಅವಳಿಗೆ ಪಥ್ಯವೂ ಒಂದು ಪ್ರೀತಿಯೇ.

ಡಿಸ್ಚಾರ್ಜ್ ಆದ ದಿನ ಹೋಮಿಯೋಪಥಿ ಡಾಕ್ಟರ ಬಳಿಯೂ ಹೋದೆವು. ಜಗಳವಾಡಲು ಅಲ್ಲ, ಹೇಳಿಬರಲು. ಕೇಳುತ್ತ ಕೇಳುತ್ತ ಅವರ ಮುಖ ಬಿಳಿಚಿಕೊಂಡಿತು.

"ಉಲ್ಬಣ ಅನ್ನೋ ಮಾತು ನಮ್ಮ ಪುಸ್ತಕದಾಗ ಐತಿ. ಆದ್ರ ಉಸಿರು ಕಟ್ಟಿದ್ರ ಅದು ಉಲ್ಬಣ ಅಂತ ಕಾಯೋದಲ್ಲವ್ವಾ, ಆಸ್ಪತ್ರಿಗಿ ಓಡೋದು. ಇನ್ಮ್ಯಾಲ ಪಂಪು ತರದಿದ್ದೋರಿಗೆ ನಾ ಗುಳಿಗಿನೂ ಕೊಡಂಗಿಲ್ಲ." ಅದನ್ನು ದೊಡ್ಡಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸುತ್ತೇನೆ ಎಂದರು. ನನ್ನ ಕೈ ಹಿಡಿದುಕೊಂಡೇ ಇದ್ದರು.

ಆ ಸಕ್ಕರೆ ಗುಳಿಗೆಯಲ್ಲಿ ಏನಿತ್ತು, ಏನಿರಲಿಲ್ಲ? ನನ್ನ ಎದೆ ತೆರೆದದ್ದು ಅದಲ್ಲ, ಪಂಪು ಮತ್ತು ಆಕ್ಸಿಜನ್. ಅದರಲ್ಲಿ ನನಗೆ ಅನುಮಾನವಿಲ್ಲ. ಈಗ ಗುಳಿಗೆ ನಿಲ್ಲಿಸಿದ್ದೇನೆ. ಆದರೆ ನನಗೆ ಏನು ಇಷ್ಟ ಎಂದು ಆ ಹೆಂಗಸು ಕೇಳದಿದ್ದರೆ ಪಂಪು ಜೋಳದೊಳಗೇ ಇರುತ್ತಿತ್ತು. ಆ ಋಣ ನನ್ನ ಮೇಲಿದೆ.

ಈಗ ಪಂಪು ಅಡುಗೆಮನೆಯ ಬಾಗಿಲ ಪಕ್ಕದ ಮೊಳೆಗೆ ಚೀಲದಲ್ಲಿ ನೇತಾಡುತ್ತದೆ. ಸ್ಟಾಫ್ ರೂಮಿನಲ್ಲಿ ಎಲ್ಲರ ಎದುರೇ ಎಳೆದುಕೊಳ್ಳುತ್ತೇನೆ. ಇವರು ಮಾತ್ರ ಆಸ್ಪತ್ರೆಯಿಂದ ಬಂದ ಮೇಲೂ ಉಳ್ಳಾಗಡ್ಡಿ ಮುಟ್ಟಿರಲಿಲ್ಲ. ಪಥ್ಯ ಮುಗಿಯಿತಲ್ಲ, ತಿನ್ನಿ ಎಂದರೆ, "ನಿನ್ನ ಉಸಿರು ನೆಟ್ಟಗಾಗ್ಲಿ ತಡಿ" ಎನ್ನುತ್ತಿದ್ದರು.

ಮೊನ್ನೆ ಅವರು ಊಟಕ್ಕೆ ಕೂತಾಗ ಶಾಲೆಯ ಪುಸ್ತಕ ತಂದೆ. ಏಳನೆಯ ತರಗತಿಯ ಅದೇ ಪಾಠ, ಅದೇ ವಾಕ್ಯ. ನಿಂತು ಗಟ್ಟಿಯಾಗಿ ಓದಿದೆ. ಪೂರ್ಣವಿರಾಮದವರೆಗೆ, ಎಲ್ಲೂ ನಿಲ್ಲದೆ. ಆಮೇಲೆ ಅವತ್ತು ನೆಲಕ್ಕೆ ಚೆಲ್ಲಿದ, ಅವರೇ ಬಳಿದು ಕೇರಿ ಹಸನು ಮಾಡಿದ ಜೋಳದ ರೊಟ್ಟಿ ಬಡಿಸಿದೆ. ತಟ್ಟೆಯ ಪಕ್ಕ ಒಂದು ಉಳ್ಳಾಗಡ್ಡಿ ಇಟ್ಟೆ.

ಅವರು ಮುಷ್ಟಿ ಎತ್ತಿದರು. ಹಾಗೇ ಸ್ವಲ್ಪ ಹೊತ್ತು ತಡೆದರು. ಇನ್ನೊಂದು ಕೈಯಿಂದ ಕಣ್ಣೊರೆಸಿಕೊಂಡರು.

"ಬಾಳ ಘಾಟು ಐತಿಲೇ ಈ ಉಳ್ಳಾಗಡ್ಡಿ" ಎಂದರು.

ಅವರು ಅದನ್ನು ಇನ್ನೂ ಗುದ್ದಿರಲಿಲ್ಲ.