ಮಡಿವಾಳ ಹಕ್ಕಿಯ ಬಾಣಂತನ

ನನಗೆ ಪಂಚಾಂಗ ನೋಡಲು ಬರುವುದಿಲ್ಲ. ಶಿರಾ ಗೇಟ್ ಹಿಂದಿನ ಬಾಡಿಗೆ ಮನೆಯಲ್ಲಿದ್ದಷ್ಟು ವರ್ಷ ಅದರ ಅಗತ್ಯವೂ ಬೀಳಲಿಲ್ಲ. ಬಚ್ಚಲ ಗೋಡೆಯಲ್ಲಿ ಹಳೆಯ ಪೈಪು ತೆಗೆದು ಮುಚ್ಚದೆ ಬಿಟ್ಟ ತೂತೊಂದಿತ್ತು. ಯುಗಾದಿ ಕಳೆದ ಮೇಲೆ ಮಡಿವಾಳ ಹಕ್ಕಿಯ ಜೋಡಿ ಅದರೊಳಕ್ಕೆ ಹುಲ್ಲು ಸಾಗಿಸುತ್ತಿತ್ತು. ಮರಿಗಳು ಬಾಯಿ ತೆರೆಯುವ ಹೊತ್ತಿಗೆ ಸರಿಯಾಗಿ ಭರಣಿ ಮಳೆ ಬೀಳುತ್ತಿತ್ತು. ಮಳೆ ನಿಂತರೆ ರೆಕ್ಕೆ ಬಂದ ಗೆದ್ದಲು, ನಮ್ಮ ಕಡೆಯ ಈಸಲು, ನೆಲದಿಂದ ಹೊಗೆಯಂತೆ ಏಳುತ್ತಿತ್ತು. ಹಕ್ಕಿಗಳಿಗೆ ಅದೇ ಬಾಣಂತನದ ಊಟ. ಕುಣಿಗಲ್ ಬಸ್ಸಿಗೆ ದಿನವೂ ತಡವಾಗಿ ಓಡುತ್ತಿದ್ದ ನನಗೆ ಈ ಸಮಯಪಾಲನೆ ಕಂಡರೆ ಹೊಟ್ಟೆಕಿಚ್ಚು.

ಈಸಲಿಗೆ ಕಾಯುತ್ತಿದ್ದವರು ಹಕ್ಕಿಗಳಷ್ಟೇ ಅಲ್ಲ. ನನ್ನ ಹೆಂಡತಿ ಜಯಮ್ಮ ಹಾಗಲವಾಡಿಯವಳು. ಬಲ್ಬಿನ ಕೆಳಗೆ ನೀರಿನ ಬೇಸಿನ್ ಇಟ್ಟು, ಬಿದ್ದ ಈಸಲನ್ನು ಹುರಿದು, ಮೊರದಲ್ಲಿ ಕೇರಿ ರೆಕ್ಕೆ ಹಾರಿಸಿ, ಉಪ್ಪು ಖಾರ ಹಾಕಿ ಕಡ್ಲೆಪುರಿಯ ಜೊತೆ ಕೊಡುತ್ತಿದ್ದಳು. ಮೊದಲ ವರ್ಷ ಮೂಗು ಮುರಿದ ನಾನು ಎರಡನೆಯ ವರ್ಷ ಬೇಸಿನ್ ನಾನೇ ಇಡತೊಡಗಿದೆ.

ತೊಂಬತ್ತರ ದಶಕ ಮುಗಿಯುತ್ತಿದ್ದ ಒಂದು ವರ್ಷ ಮಳೆ ಭರಣಿಗೆ ಕಾಯದೆ ರೇವತಿಯಲ್ಲೇ ಸುರಿದುಬಿಟ್ಟಿತು. ಈಸಲೂ ಎದ್ದಿತು. ಹಕ್ಕಿಗಳು ಇನ್ನೂ ಹುಲ್ಲು ಹೊರುತ್ತಿದ್ದವು. ಸೆಖೆ ಇಳಿಯಿತೆಂದು ನಾವು ಮಳೆಯನ್ನು ಹೊಗಳುತ್ತಾ ಪುರಿ ಮುಕ್ಕಿದೆವು. ಮರಿಗಳು ಮೊಟ್ಟೆಯೊಡೆದು ಬಂದಾಗ ಬಿಸಿಲು ಕಾದ ಹೆಂಚು. ತಂದೆ ತಾಯಿ ಪಕ್ಕದ ಖಾಲಿ ಸೈಟನ್ನೆಲ್ಲ ಕೆದಕಿ, ಎಷ್ಟೋ ಹೊತ್ತಿನ ಮೇಲೆ ಖಾಲಿ ಕೊಕ್ಕಿನಲ್ಲಿ ಬರುತ್ತಿದ್ದವು. ಮರಿಗಳ ಕೂಗು ಸ್ನಾನ ಮಾಡುವಾಗ ಕಿವಿಯ ಹತ್ತಿರವೇ ಕೇಳುತ್ತಿತ್ತು.

ಜಯಮ್ಮ ಡಬ್ಬಿಯಲ್ಲಿ ಉಳಿದಿದ್ದ ಹುರಿದ ಈಸಲನ್ನು ತಟ್ಟೆಗೆ ಹಾಕಿ ಕಾಂಪೌಂಡಿನ ಮೇಲಿಟ್ಟಳು. "ತಿನ್ನೇ, ನಿಂದೇ ಕಣೇ ಇದು," ಎಂದಳು. ಹೆಣ್ಣು ಹಕ್ಕಿ ಕತ್ತು ಓರೆ ಮಾಡಿ ನೋಡಿ ಹಾರಿಹೋಯಿತು.

"ಖಾರ ಹಾಕ್ಬಾರ್ದಿತ್ತು ಕಣ್ರೀ," ಎಂದು ಅದನ್ನು ನೀರಲ್ಲಿ ತೊಳೆದು ಮತ್ತೆ ಇಟ್ಟಳು. ನನಗೆ ನಗು ಬಂತು, ನಗಲಾಗಲಿಲ್ಲ. ಹಕ್ಕಿಗೆ ಬೇಕಾದದ್ದು ಜೀವವಿದ್ದು ಓಡಾಡುವ ಹುಳ.

ಒಂದು ಬೆಳಿಗ್ಗೆ ಬಚ್ಚಲಲ್ಲಿ ಸದ್ದಿರಲಿಲ್ಲ.

ಭರಣಿ ಮಳೆ ತನ್ನ ಹೊತ್ತಿಗೆ ಬಂತು. ಸಂಜೆ ಅಳಿದುಳಿದ ಈಸಲೂ ಬಂತು. ನಾನು ಅಭ್ಯಾಸಬಲದಿಂದ ಬೇಸಿನ್ ಎತ್ತಿಕೊಂಡೆ.

"ಇಟ್ಬುಡಿ ಅತ್ಲಾಗೆ. ಈಗ ಬಂದವೆ ಇವು," ಎಂದ ಜಯಮ್ಮ ಬಲ್ಬು ಆರಿಸಿದಳು.

ಆ ಪುಟ್ಟ ಕೂಗನ್ನು ಇನ್ನೊಮ್ಮೆ ಕೇಳಬೇಕೆಂದು ಎಷ್ಟು ಆಸೆಯಾಯಿತೆಂದರೆ, ಮರುದಿನ ಬಚ್ಚಲಲ್ಲಿ ನೀರು ಹೊಯ್ದುಕೊಳ್ಳದೆ ಸುಮ್ಮನೆ ನಿಂತಿದ್ದೆ. ತೂತಿನಲ್ಲಿ ಸರಸರ ಎಂದಿತು. ಇಣುಕಿದರೆ ಹೆಣ್ಣು ಹಕ್ಕಿ, ಕೊಕ್ಕಿನಲ್ಲಿ ಹೊಸ ಹುಲ್ಲುಕಡ್ಡಿ. ಈಸಲು ಮುಗಿಯಿತು, ಮುಂದಿನ ಮಳೆಯನ್ನು ನಂಬುವ ಹಾಗಿಲ್ಲ ಎಂದು ಅದಕ್ಕೆ ಯಾರು ಹೇಳಬೇಕು? ನಾನಂತೂ ಹೇಳಲಿಲ್ಲ. ಸದ್ದಾಗದಂತೆ ಚೊಂಬು ಕೆಳಗಿಟ್ಟು, ಸ್ನಾನ ಮಾಡದೆಯೇ ಆಫೀಸಿಗೆ ಹೋದೆ.