ಮುದ್ದು ಕೊಟ್ಟ ಬಾಡಿಗೆ

ಜಲಜಾಕ್ಷಿಯಮ್ಮ ಮುದ್ದುವನ್ನು ಮೊದಲು ಕಂಡದ್ದು ಸುರತ್ಕಲ್‌ನಲ್ಲಿ, ಲೋಕಯ್ಯನ ಅಂಬಾಸಿಡರ್ ಟ್ಯಾಕ್ಸಿಯೊಳಗೆ. ೧೯೮೪ರ ಮಳೆಗಾಲ. ಮಗಳ ಮನೆಯಿಂದ ಮಣ್ಣಗುಡ್ಡಕ್ಕೆ ಮರಳುತ್ತಿದ್ದ ಆಕೆ ಹಿಂದಿನ ಸೀಟಿನ ನಡುವೆ ಕೂತಿದ್ದರು. ಕಾಟಿಪಳ್ಳದಲ್ಲಿ ಬೀಡಿ ಕಟ್ಟುವ ಮುದ್ದು ನೆನೆದುಕೊಂಡು ಬಂದು ಬಲಬಾಗಿಲಿಗೆ ಒತ್ತಿಕೊಂಡು ಕೂತಳು. ಕಾರು ಆಗಲೇ ತುಂಬಿತ್ತು.

"ಸ್ವಲ್ಪ ಒತ್ತಿ ಕೂತ್ಕೊಳ್ಳಿ ಮಾರಾಯ್ರೆ, ಮದುವೆ ದಿಬ್ಬಣ ಅಂತ ತಿಳ್ಕೊಳ್ಳಿ," ಎಂದ ಲೋಕಯ್ಯ.

"ದಿಬ್ಬಣದಲ್ಲಾದರೆ ಊಟ ಉಂಟು. ಇಲ್ಲಿ ಎಂತ ಉಂಟು?" ಎಂದು ಮುದ್ದು ಕೇಳಿದಾಗ ಕಾರೆಲ್ಲ ನಕ್ಕಿತು.

ಲೋಕಯ್ಯನ ಟ್ಯಾಕ್ಸಿಯಲ್ಲಿ ಹೆಂಗಸರು ಅವನ ಕೈಗೆ ನೇರವಾಗಿ ಬಾಡಿಗೆ ಕೊಡುತ್ತಿರಲಿಲ್ಲ. ತಮ್ಮೊಳಗೆ ಹಿರಿಯಳಾದವಳ ಕೈಗೆ ಹಾಕುವುದು, ಅವಳು ಮುಂದಕ್ಕೆ ದಾಟಿಸುವುದು ರೂಢಿ. ಅಂದು ದಾಟಿಸಿದವರು ಜಲಜಾಕ್ಷಿಯಮ್ಮ.

ಕೂಳೂರು ಸೇತುವೆಯ ಹತ್ತಿರ ನಿಂತಿದ್ದ ಲಾರಿ ಲೋಕಯ್ಯನಿಗೆ ಕಾಣುವಾಗ ತಡವಾಗಿತ್ತು. ಜಲಜಾಕ್ಷಿಯಮ್ಮನ ಹಣೆ ಒಡೆಯಿತು. ಮುದ್ದುವಿನ ಬಲಗೈ ಜಜ್ಜಿಹೋದ ಬಾಗಿಲಿನಲ್ಲಿ ಸಿಕ್ಕಿಕೊಂಡಿತು.

ಇಬ್ಬರಿಗೂ ಆಸ್ಪತ್ರೆಯಲ್ಲಿ ಅಕ್ಕಪಕ್ಕದ ಮಂಚ. ಲೋಕಯ್ಯ ದಿನಾ ಎಳನೀರು ತಂದು ಕೊಡುತ್ತಿದ್ದ. ಪೊಲೀಸರು ಹೇಳಿಕೆ ಬರೆದುಕೊಳ್ಳಲು ಬಂದಾಗಲೂ ಅವನು ಬಾಗಿಲಲ್ಲೇ ನಿಂತಿದ್ದ, ಮುಖ ಬಿಳಿಚಿಕೊಂಡಿತ್ತು.

"ಬಾಡಿಗೆ ಕೊಟ್ಟು ಹತ್ತಿದ್ದಾ?" ಎಂದು ಮುದ್ದುವನ್ನು ಕೇಳಿದರು.

ಬಾಡಿಗೆಗೆ ಜನ ಹೆಚ್ಚು ತುಂಬಿಸಿದ್ದಕ್ಕೆ ಅವನ ಪರ್ಮಿಟ್ ಹೋದೀತೆಂದು ಮುದ್ದು ಹೆದರಿದಳು. ಎಳನೀರು ತಂದವನ ಮೇಲೆ ದೂರು ಹೇಳಲು ಬಾಯಿಯೂ ಬರಲಿಲ್ಲ. "ಇಲ್ಲ. ಲೋಕಯ್ಯಣ್ಣ ಗುರ್ತದವರು, ಹಾಗೇ ಹತ್ತಿಸ್ಕೊಂಡದ್ದು," ಎಂದಳು. ಜಲಜಾಕ್ಷಿಯಮ್ಮನನ್ನು ಯಾರೂ ಕೇಳಲಿಲ್ಲ.

ಗಾಯ ಮಾಗಿತು. ಮೂರು ಬೆರಳು ಮಾತ್ರ ಮಡಚಲಿಲ್ಲ. ಬೀಡಿಯ ಎಲೆ ಸುತ್ತುವ ಬೆರಳುಗಳು ಅವೇ. ಕೊನೆಗೆ ಜಲಜಾಕ್ಷಿಯಮ್ಮನೇ ಅವಳನ್ನು ರುಡೊಲ್ಫ್ ವಕೀಲರಲ್ಲಿಗೆ ಕರೆದುಕೊಂಡು ಹೋದರು. ವಕೀಲರು ಹೇಳಿಕೆ ಓದಿ ತಲೆ ಮೇಲೆ ಕೈ ಇಟ್ಟರು.

"ಬಾಡಿಗೆ ಕೊಟ್ಟವಳಾದರೆ ಟ್ಯಾಕ್ಸಿಯ ವಿಮೆ ಕಂಪೆನಿ ಪರಿಹಾರ ಕೊಡ್ಬೇಕು. ಧರ್ಮಕ್ಕೆ ಕೂತವಳಾದರೆ ಕಂಪೆನಿ ಜಾರಿಕೊಳ್ತದೆ, ಮತ್ತೆ ಲೋಕಯ್ಯನ ಕೈಯಿಂದಲೇ ವಸೂಲಿ ಮಾಡ್ಬೇಕು. ನೀನು ಉಳಿಸಿದ್ದು ಅವನನ್ನಲ್ಲ ಮಾರಾಯ್ತಿ, ಕಂಪೆನಿಯನ್ನು! ಅರ್ಜಿ ಹಾಕ್ಲಿಕ್ಕೆ ಆರು ತಿಂಗಳ ಗಡುವು, ಅದೂ ಮುಗೀತಾ ಬಂತು. ಬಾಡಿಗೆ ಕೊಟ್ಟದ್ದನ್ನು ಯಾರಾದರೂ ನೋಡಿದ್ದಾರಾ?"

ಮುದ್ದು ಜಲಜಾಕ್ಷಿಯಮ್ಮನ ಕಡೆ ತಿರುಗಿದಳು.

ಲೋಕಯ್ಯ ಜಲಜಾಕ್ಷಿಯಮ್ಮನ ನೆರೆಮನೆಯವ. ಗಂಡ ತೀರಿದ ಮೇಲೆ ಮದುವೆ, ಸತ್ತವರ ಬೊಜ್ಜ, ಡಾಕ್ಟರು ಎಲ್ಲದಕ್ಕೂ ಅವನೇ ಕರೆದುಕೊಂಡು ಹೋಗುತ್ತಿದ್ದ. ಆಕೆ ಕೋರ್ಟಿನಲ್ಲಿ ಮುದ್ದುವಿನ ಪರ ಸಾಕ್ಷಿ ಹೇಳುವ ದಿನವೂ ಅವನದ್ದೇ ಟ್ಯಾಕ್ಸಿ.

"ಅಕ್ಕ, ನೆನಪಿಲ್ಲ ಅಂದರೆ ಸಾಕು. ಸುಳ್ಳು ಹೇಳ್ಬೇಕಂತ ಇಲ್ಲ."

"ಕಂಪೆನಿ ಕೊಡದಿದ್ದರೆ ನೀನೇ ಕೊಡ್ಬೇಕಾಗ್ತದಂತೆ, ಲೋಕಯ್ಯ."

"ಅದು ವಕೀಲರ ಮಾತು. ಪರ್ಮಿಟ್ ಹೋಗುವುದು ನನ್ನದು."

ಅವನು ಕೋರ್ಟಿನ ಗೇಟಿನ ಬಳಿ ಟ್ಯಾಕ್ಸಿ ನಿಲ್ಲಿಸಿದ.

ಕಟಕಟೆಯಲ್ಲಿ ಕಂಪೆನಿಯ ವಕೀಲ ಕೇಳಿದ: "ಅಷ್ಟು ಜನರ ಬಾಡಿಗೆ ದಾಟಿಸಿದಿರಿ. ಇವಳದ್ದು ಮಾತ್ರ ಹೇಗೆ ನೆನಪು?"

ಲೋಕಯ್ಯ ಹಿಂದಿನ ಬೆಂಚಿನಲ್ಲಿ ಕೂತಿದ್ದ. ಆಕೆ ಕಟಕಟೆಯ ಕಂಬಿ ಹಿಡಿದರು.

"ಇವಳ ನೋಟು ಒದ್ದೆ ಇತ್ತು. ಹರಿದೀತು ಅಂತ ಸೆರಗಲ್ಲಿ ಒತ್ತಿ ಕೊಟ್ಟೆ. 'ಇದನ್ನು ಬಲೆ ಹಾಕಿ ಹಿಡಿದದ್ದಾ' ಅಂತ ಲೋಕಯ್ಯ ತಮಾಷೆ ಮಾಡಿದ. ತೆಗೊಂಡು ಕಿಸೆಗೆ ಹಾಕಿದ."

ನ್ಯಾಯಾಧೀಶರು ಲೋಕಯ್ಯನನ್ನೇ ಎಬ್ಬಿಸಿ ಕೇಳಿದರು. ಅವನು ನೆಲ ನೋಡುತ್ತಾ, "ಹೌದು," ಎಂದ. ಎಂದವನೇ ಹೊರಗೆ ನಡೆದ.

ಕಂಪೆನಿಯೇ ಕೊಡಬೇಕೆಂದು ತೀರ್ಪಾದದ್ದು ಮರುವರ್ಷ. ಅಷ್ಟರಲ್ಲಿ ಮುದ್ದು ಕಾರ್ಕಳದ ಅಕ್ಕನ ಮನೆ ಸೇರಿದ್ದಳು. ಸಾಕ್ಷಿ ಹೇಳಿದ ದಿನದ ನಂತರ ಅವಳೂ ಜಲಜಾಕ್ಷಿಯಮ್ಮನೂ ಮತ್ತೆ ಭೇಟಿಯಾಗಲಿಲ್ಲ.

ಸಾಕ್ಷಿಯ ಆ ದಿನ ಇಬ್ಬರೂ ಕೋರ್ಟಿನ ಮೆಟ್ಟಿಲಿಳಿದು ಬರುವಾಗ ಗೇಟಿನ ಬಳಿ ಟ್ಯಾಕ್ಸಿ ಇರಲಿಲ್ಲ. ಜಲಜಾಕ್ಷಿಯಮ್ಮ ಬಿಸಿಲಿಗೆ ಕಣ್ಣು ಕಿರಿದು ಮಾಡಿ ರಸ್ತೆಯ ಎರಡೂ ಕಡೆ ನೋಡಿದರು. ಮುದ್ದು ಎಡಗೈಯಿಂದ ಅವರ ತೋಳು ಹಿಡಿದಳು.

"ಅಮ್ಮ, ಇನ್ನು ನೀವು ಯಾರೊಟ್ಟಿಗೆ ಹೋಗ್ತೀರಿ?"