ಬಿರಡೆ ಎಳೆಯುವ ಸರದಿ

ಜಪಾನಿನ ಹಮಾದಾದ ಬಂದರು ಬೀದಿಯಲ್ಲಿ ಸೆತ್ಸುಕೊಳ ಕೈಗೆ ತಲೆ ಕೊಡದ ಗಂಡಸು ಇದ್ದರೆ ಅವನು ಬೋಳನೇ ಇರಬೇಕು. ಐವತ್ತೆಂಟರ ಹೆಂಗಸು. ಕತ್ತರಿ ಹಿಡಿದು ಮೂವತ್ತಾರು ವರ್ಷವಾಯಿತು. ಪಕ್ಕದ ಕುರ್ಚಿಯಲ್ಲಿ ಗಡ್ಡ ಹೆರೆಯುವ ಗಂಡ ಯೊಶಿನೊರಿ ದಿನಕ್ಕೆ ಎಣಿಸಿ ಹತ್ತು ಮಾತಾಡುವವನು; ಅವನ ಪಾಲಿನದನ್ನೂ ಸೇರಿಸಿ ಅವಳೇ ಆಡಿ ಮುಗಿಸುತ್ತಿದ್ದಳು. ಮಕ್ಕಳಾಗಲಿಲ್ಲ ಎಂಬ ಒಂದು ಮಾತನ್ನು ಮಾತ್ರ ಆ ಬಾಯಿ ಎಂದೂ ಆಡಿದ್ದಿಲ್ಲ.

ಎರಡು ವರ್ಷದ ಹಿಂದೆ, ಓದಲು ಬರುವ ಪರದೇಶದ ಮಕ್ಕಳಿಗೆ ಮನೆ ಹುಡುಕುವ ಮಿಜೊಗುಚಿ ಮೇಡಂ ಒಬ್ಬಳನ್ನು ತಂದುಬಿಟ್ಟಿದ್ದರು. ಆ ಹುಡುಗಿ ಮೂರನೇ ವಾರಕ್ಕೇ "ಈ ಮನೇಲಿ ಉಸಿರು ಕಟ್ಟುತ್ತೆ" ಎಂದು ಬೇರೆ ಮನೆಗೆ ಹೋಗಿಬಿಟ್ಟಳು. ಸೆತ್ಸುಕೊಗೆ ತಾನು ಮಾಡಿದ ತಪ್ಪೇನೆಂದು ಇವತ್ತಿಗೂ ಗೊತ್ತಿಲ್ಲ. ಆದರೂ ಈ ಏಪ್ರಿಲ್‌ನಲ್ಲಿ, ಮಂಗೋಲಿಯಾದ ಹದಿನಾರರ ಹುಡುಗಿ ನೊಮಿನ್ ಒಂದು ವರ್ಷಕ್ಕೆ ಬರುತ್ತಾಳೆ ಎಂದಾಗ ಕೇಳುವ ಮೊದಲೇ ಹೂಂ ಎಂದಿದ್ದಳು.

ಬಂದ ಸಂಜೆಯೇ ಸ್ನಾನದ ಮನೆಯಲ್ಲಿ ಎಡವಟ್ಟಾಯಿತು. ಮೈ ತೊಳೆಯುವುದು ತೊಟ್ಟಿಯ ಹೊರಗೆ. ತೊಟ್ಟಿ ಇರುವುದು ಬಿಸಿನೀರಲ್ಲಿ ಕೂತು ಮೈ ಕಾಯಿಸಿಕೊಳ್ಳಲು. ಒಂದೇ ನೀರಿನಲ್ಲಿ ಮನೆಯವರೆಲ್ಲ ಸರದಿಯಂತೆ ಕೂರಬೇಕು. ಅತಿಥಿಗೆ ಮೊದಲ ನೀರು. ಯೊಶಿನೊರಿ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಕಾಯುತ್ತಿದ್ದಾಗ ಒಳಗಿನಿಂದ ಗುಳುಗುಳು ಸದ್ದು ಕೇಳಿತು. ನೊಮಿನ್ ಬಿರಡೆ ಎಳೆದು, ನೀರನ್ನೆಲ್ಲ ಹರಿಯಬಿಟ್ಟು, ತೊಟ್ಟಿಯನ್ನು ಉಜ್ಜಿ ಉಜ್ಜಿ ಇಟ್ಟಿದ್ದಳು!

"ನಾನು ಕೂತೆದ್ದ ನೀರಲ್ಲಿ ದೊಡ್ಡವರು ಕೂರೋದಾ? ಎಲ್ಲಾದ್ರೂ ಉಂಟಾ?" ಎಂದಳು, ಮುಖ ಕೆಂಪಗೆ ಮಾಡಿಕೊಂಡು.

ಯೊಶಿನೊರಿ ಒಳಗೆ ಇಣುಕಿ ಅಂದಿನ ಕೊನೆಯ ಎರಡು ಮಾತು ಖರ್ಚು ಮಾಡಿದ. "ತೊಟ್ಟಿ ಹೊಳೀತಿದೆ."

ಸೆತ್ಸುಕೊ ನಕ್ಕು, "ಪರವಾಗಿಲ್ಲ, ನೀವು ಅದೆಲ್ಲ ಮುಟ್ಟಬೇಡಿ, ಹೋಗಿ ಕೂತ್ಕೊಳ್ಳಿ" ಎಂದಳು. ಅವಳಿಗೆ ತನ್ನ ಸೊಸೆತನ ನೆನಪಾಗಿತ್ತು. ಮದುವೆಯಾಗಿ ಬಂದ ಮೇಲೆ ಹನ್ನೊಂದು ವರ್ಷ ಆರಿದ ಕೊನೆಯ ನೀರು ಅವಳದು. ಬಿರಡೆ ಎಳೆದು ತೊಟ್ಟಿ ಉಜ್ಜುವ ಕೆಲಸವೂ ಕೊನೆಯವಳದೇ. ತನ್ನ ಮನೆಗೆ ಬಂದ ಹುಡುಗಿಗೆ ಆ ಗತಿ ಬೇಡವೆಂದು ಅವಳು ನಿಶ್ಚಯಿಸಿದ್ದಳು. ಹಾಗಾಗಿ ನೊಮಿನ್‌ಗೆ ಮೊದಲ ನೀರು, ಮನೆಯೊಳಗೆ ಹಾಕುವ ಅತಿಥಿಗಳ ಚಪ್ಪಲಿ, ಅತಿಥಿಗಳ ಬಟ್ಟಲು. ಊಟವಾದ ಮೇಲೆ ತಟ್ಟೆ ಎತ್ತಲು ಹೋದರೆ "ಬಿಡಿ, ಬಿಡಿ." ಮಾತೆಲ್ಲ ಬಹುವಚನದಲ್ಲೇ.

ಆ ಬೀದಿಯಲ್ಲಿ ಮನೆಯವರು ಹೊರಗಿನಿಂದ ಬಂದರೆ ಬಾಗಿಲಲ್ಲೇ "ಬಂದೆ" ಎಂದು ಕೂಗುತ್ತಾರೆ, ಒಳಗಿದ್ದವರು "ಬಂದ್ಯಾ" ಎನ್ನುತ್ತಾರೆ. ನೊಮಿನ್ ಮಾತ್ರ ದಿನವೂ ಶಾಲೆಯಿಂದ ಬಂದು, ಸೊಂಟ ಬಗ್ಗಿಸಿ, "ತೊಂದರೆ ಕೊಡ್ತಿದ್ದೀನಿ, ಕ್ಷಮಿಸಿ" ಎನ್ನುತ್ತಿದ್ದಳು. ಅದು ಪರರ ಮನೆಗೆ ಕಾಲಿಡುವವರು ಆಡುವ ಮಾತು. ಕೇಳಿದಾಗಲೆಲ್ಲ ಸೆತ್ಸುಕೊಗೆ ಕರುಳು ಚುರುಕ್ಕೆನ್ನುತ್ತಿತ್ತು.

"ಮೂರು ವಾರ ಆಯ್ತಲ್ಲೇ, ಇನ್ನೂ ನೆಂಟಳೇ?" ಎಂದು ಮೀನುಗಾರ ಕುನಿಹಾರು ಕಾಲೆಳೆದ. ಎಪ್ಪತ್ತರ ಮುದುಕ, ದಿನ ಬಿಟ್ಟು ದಿನ ಗಡ್ಡಕ್ಕೆ ಬರುವವನು.

"ಬಾಯಿ ಮುಚ್ಕೊಂಡು ಕೂತ್ಕೊ. ಕತ್ತಿ ನನ್ನ ಗಂಡನ ಕೈಯಲ್ಲಿದೆ."

ಹಾಗೆ ಜಬರಿಸಿದಳೇ ಹೊರತು ಒಳಗೊಳಗೇ ಹೆದರಿದ್ದಳು. ಭಾನುವಾರ ಮಿಜೊಗುಚಿ ಮೇಡಂ ಬರುವವರಿದ್ದರು. ಇದೇ ಮನೆಯಲ್ಲಿರುತ್ತೀಯೋ ಬೇರೆ ನೋಡಲೋ ಎಂದು ಹುಡುಗಿಯನ್ನೇ ಕೇಳುತ್ತಾರೆ.

ಅದರ ಹಿಂದಿನ ದಿನ, ಮೇ ರಜೆಗೆ ಮುಂಚಿನ ಶನಿವಾರ, ಅಂಗಡಿಯಲ್ಲಿ ಎಳ್ಳು ಹಾಕಲು ಜಾಗವಿರಲಿಲ್ಲ. ಬಿಸಿ ಟವೆಲ್ ಮುಗಿದವು, ಫೋನ್ ಬಡಿದುಕೊಳ್ಳುತ್ತಿತ್ತು, ಕಾಯುವವರು ಗೊಣಗುತ್ತಿದ್ದರು. ಅಂಗಡಿಯಿಂದ ಮನೆಗೆ ಹೋಗುವ ಒಳಬಾಗಿಲಲ್ಲಿ ನೊಮಿನ್ ಕೈಕಟ್ಟಿ ನಿಂತು ನೋಡುತ್ತಿದ್ದಳು. ಸೆತ್ಸುಕೊಗೆ ತಲೆ ಕೆಟ್ಟುಹೋಯಿತು.

"ಅಲ್ಲೇನೇ ಕಂಬದ ಹಾಗೆ ನಿಂತಿದ್ದೀಯ? ಕಣ್ಣು ಕಾಣಲ್ವಾ? ಓಡು, ಹಿತ್ತಲಲ್ಲಿ ಒಣಗಿರೋ ಟವೆಲ್ ತಗೊಂಡ್ಬಾ!"

ಸೆತ್ಸುಕೊ ನಾಲಿಗೆ ಕಚ್ಚಿಕೊಂಡಳು. ಮೂರು ವಾರದ ಮರ್ಯಾದೆ ಮೂರೇ ಮಾತಲ್ಲಿ ಹೊಳೆಪಾಲಾಯಿತಲ್ಲ! ತಿರುಗಿ ನೋಡಿದರೆ ಹುಡುಗಿ ಇಲ್ಲ. ಅತಿಥಿ ಚಪ್ಪಲಿಗಳು ಮಾತ್ರ ಒಳಬಾಗಿಲಲ್ಲಿ ದಿಕ್ಕಾಪಾಲಾಗಿ ಬಿದ್ದಿದ್ದವು. ಹೋದಳು, ಇವಳೂ ಹೋದಳು ಎಂದುಕೊಂಡಳು.

ಅಷ್ಟರಲ್ಲಿ ಬೀದಿಬಾಗಿಲು ದಡಾರನೆ ಸರಿಯಿತು. ಗಲ್ಲದವರೆಗೆ ಟವೆಲ್ ಪೇರಿಸಿಕೊಂಡು ಹಿತ್ತಲಿಂದ ಬೀದಿಗೆ ಸುತ್ತಿ ಬಂದ ನೊಮಿನ್ ಬಾಗಿಲನ್ನು ಕಾಲಿಂದಲೇ ತಳ್ಳಿದ್ದಳು.

"ಬಂದೆ!"

ಮುಖದ ತುಂಬ ನೊರೆ ಬಳಿದುಕೊಂಡಿದ್ದ ಕುನಿಹಾರು ಎಲ್ಲರಿಗಿಂತ ಮೊದಲು "ಬಂದ್ಯಾ" ಎಂದ. ಯೊಶಿನೊರಿ "ಬಂದ್ಯಾ" ಎಂದ. ಬೆಂಚಿನ ಮೇಲೆ ಕಾಯುತ್ತಿದ್ದ ಐದೂ ಜನ "ಬಂದ್ಯಾ" ಎಂದರು. ಊರಿಗೆಲ್ಲ ಮಾತು ಹಂಚುತ್ತಿದ್ದ ಸೆತ್ಸುಕೊ ಮಾತ್ರ ಬರಿಗಾಳಿಯಲ್ಲೇ ಕತ್ತರಿ ಆಡಿಸುತ್ತ, "ಅಲ್ಲಿಡು" ಎಂದಷ್ಟೇ ಹೇಳಿದಳು. ಅವತ್ತು ಸಂಜೆಯವರೆಗೆ ನೊಮಿನ್ ಟವೆಲ್ ಹಿಂಡಿದಳು, ಕೂದಲು ಗುಡಿಸಿದಳು, ಮುದುಕರ ಜೋಕಿಗೆ ಅರ್ಥವಾಗದಿದ್ದರೂ ನಕ್ಕಳು.

ಭಾನುವಾರ ಮೇಡಂ ಕಾಗದ ಬಿಚ್ಚಿ "ಹೇಗಿದೆಯಮ್ಮಾ?" ಎಂದು ಕೇಳಿದ್ದೇ ತಡ, ನೊಮಿನ್ ಬಾಯಿಬಿಟ್ಟಳು.

"ಇವರು ನಿನ್ನೆ ನನ್ನ ಬೈದ್ರು!"

ಮೇಡಂ ಪೆನ್ನು ನಿಂತಿತು. ಸೆತ್ಸುಕೊ ತಲೆ ತಗ್ಗಿಸಿದಳು.

"ಕಂಬದ ಹಾಗೆ ನಿಂತಿದ್ದೀಯ ಅಂದ್ರು. ನಮ್ಮಮ್ಮ ಬೈಯೋದೂ ಥೇಟ್ ಹೀಗೇ. ಅಲ್ಲೀವರೆಗೂ ಇವರಿಗೆ ನಾನು ಇಷ್ಟ ಇಲ್ಲ ಅಂದ್ಕೊಂಡಿದ್ದೆ. ಒಂದು ಲೋಟನೂ ತೊಳೆಯೋಕೆ ಬಿಡ್ತಿರ್ಲಿಲ್ಲ. ನಾನು ಇಲ್ಲೇ ಇರ್ತೀನಿ."

ಎರಡು ವರ್ಷದ ಹಿಂದೆ ಬಿಟ್ಟುಹೋದ ಹುಡುಗಿಗೆ ಉಸಿರು ಕಟ್ಟಿದ್ದು ಯಾಕೆಂದು ಸೆತ್ಸುಕೊಗೆ ಆಗ ಹೊಳೆಯಿತು.

ಸಂಜೆ ಅವಳು ಸ್ನಾನದ ಮನೆಯ ಬಾಗಿಲಲ್ಲಿ ನಿಂತು ಹೊಸ ಕಟ್ಟಳೆ ಸಾರಿದಳು. "ಮೊದಲು ಇವರು, ಆಮೇಲೆ ನಾನು, ಕೊನೆಗೆ ನೀನು. ಬಿರಡೆ ಎಳೆಯೋದು ನೀನೇ, ತೊಟ್ಟಿ ಉಜ್ಜೋದೂ ನೀನೇ. ತಿಳೀತೇನೇ?"

"ತಿಳೀತು!"

ತನ್ನ ಸರದಿ ಮುಗಿಸಿದ ಸೆತ್ಸುಕೊ, ಆರಿದ ನೀರು ಇವಳಿಗೆ ಬೇಡವೆಂದು, ಬಿಸಿನೀರಿನ ನಲ್ಲಿ ತಿರುಗಿಸಿ ತೊಟ್ಟಿಯ ನೀರನ್ನು ಮತ್ತೆ ಬಿಸಿಮಾಡಿಟ್ಟು ಬಂದಳು. ಆಮೇಲೆ ಗಂಡನೂ ತಾನೂ ಟೀ ಹಿಡಿದು ಕೂತರು. ಒಳಗೆ ಹುಡುಗಿ ತನ್ನ ಊರಿನ ಯಾವುದೋ ಹಾಡನ್ನು ಗಟ್ಟಿಯಾಗಿ ಹಾಡುತ್ತಿದ್ದಳು. ಹಾಡು ನಿಂತಿತು, ಗುಳುಗುಳು ಎಂದು ನೀರು ಇಳಿಯತೊಡಗಿತು.

"ಬಿರಡೆ ಎಳೆದಳು" ಎಂದ ಯೊಶಿನೊರಿ.

"ಹೂಂ, ಕೇಳಿಸ್ತು" ಎಂದಳು ಸೆತ್ಸುಕೊ, ಏಪ್ರನ್ನಿನ ಅಂಚಿನಲ್ಲಿ ಕಣ್ಣೊರೆಸಿಕೊಂಡು.